ತಾನೇ ತಿರುಗುವ ಫ್ಯಾನು

ಅಡುಗೆಮನೆಯ ಗೋಡೆಯಲ್ಲಿ ಎತ್ತರದಲ್ಲಿ ಕೂರಿಸಿದ, ಹೊಗೆಯನ್ನೂ ಹಬೆಯನ್ನೂ ಹೊರಗೆ ತಳ್ಳುವ ಫ್ಯಾನನ್ನು ನೀವು ನೋಡಿರಬಹುದು. ಅದೇ ಎಕ್ಸಾಸ್ಟ್ ಫ್ಯಾನು. ಅದನ್ನು ಸ್ವಿಚ್ಚು ಒತ್ತಿ ನಡೆಸುತ್ತೇವೆ. ಒತ್ತಲು ಮರೆತರೆ? ಕೋಣೆ ಕಾದಾಗ ಅದು ತಾನೇ ತಿರುಗುವಂತೆ ಮಾಡಬಹುದೇ?

ಮಾಡಬಹುದು. ಹಿತ್ತಾಳೆ ಮತ್ತು ಕಬ್ಬಿಣದ ಎರಡು ತೆಳುವಾದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿಯಾಗಿ ಬೆಸೆದರೆ ದ್ವಿಲೋಹ ಪಟ್ಟಿ ಸಿದ್ಧ. ಕಾಯಿಸಿದಾಗ ಹಿತ್ತಾಳೆಯು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಪಟ್ಟಿ ಕಬ್ಬಿಣದ ಕಡೆಗೆ ಬಾಗುತ್ತದೆ. ಆ ಕಡೆ ತಂತಿಯ ತುದಿಯೊಂದನ್ನು ಇಟ್ಟರೆ ಪಟ್ಟಿ ಬಾಗಿ ಅದನ್ನು ಮುಟ್ಟುತ್ತದೆ. ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ತಣಿದಾಗ ಬಿಟ್ಟುಕೊಳ್ಳುತ್ತದೆ. ಇದು ಕೈ ಬೇಡದ ಸ್ವಿಚ್ಚು!

ಈಗ ಒಂದು ಫ್ಯಾನು, ಎರಡು ಸ್ವಿಚ್ಚು. ಜೋಡಿಸುವುದು ಹೇಗೆ? ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬು, ತಂತಿ, ರಟ್ಟು, ಡ್ರಾಯಿಂಗ್ ಪಿನ್ನು ಮತ್ತು ಸೇಫ್ಟಿ ಪಿನ್ನುಗಳನ್ನು ತೆಗೆದುಕೊಳ್ಳಿ. ಬಲ್ಬನ್ನೇ ಫ್ಯಾನು ಎಂದು ತಿಳಿಯಿರಿ. ರಟ್ಟಿನ ಮೇಲೆ ಎರಡು ಪಿನ್ನು ಸ್ವಿಚ್ಚು ಮಾಡಿ, ಒಂದಕ್ಕೆ ‘ಕೈ’, ಇನ್ನೊಂದಕ್ಕೆ ‘ಶಾಖ’ ಎಂದು ಬರೆಯಿರಿ.

ಮೊದಲು ಎರಡನ್ನೂ ಒಂದೇ ದಾರಿಯಲ್ಲಿ, ಒಂದರ ಮುಂದೊಂದು ಜೋಡಿಸಿ. ಇದು ಸರಣಿ ಜೋಡಣೆ. ಎರಡೂ ಮುಚ್ಚಿದರೆ ಮಾತ್ರ ಬಲ್ಬು ಹೊತ್ತುತ್ತದೆ. ಹಾಗಾದರೆ ಒಗ್ಗರಣೆ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದರೂ, ಕೋಣೆ ಕಾಯುವವರೆಗೆ ಫ್ಯಾನು ತಿರುಗದು!

ಇನ್ನು ಎರಡನ್ನೂ ಬೇರೆ ಬೇರೆ ದಾರಿಯಲ್ಲಿ, ಅಕ್ಕಪಕ್ಕ ಜೋಡಿಸಿ. ಇದು ಸಮಾಂತರ ಜೋಡಣೆ. ಯಾವುದೊಂದನ್ನು ಮುಚ್ಚಿದರೂ ಬಲ್ಬು ಹೊತ್ತುತ್ತದೆ. ನಮಗೆ ಬೇಕಾದದ್ದು ಇದೇ.

ಆದರೆ ನಿಲ್ಲಿ. ‘ಕೈ’ ಸ್ವಿಚ್ಚನ್ನು ತೆರೆದು, ‘ಶಾಖ’ ಸ್ವಿಚ್ಚನ್ನು ಮುಚ್ಚಿ. ಬಲ್ಬು ಆರಲಿಲ್ಲ! ಸ್ವಿಚ್ಚು ಆರಿಸಿದೆ ಎಂದು ನಂಬಿ ಒಬ್ಬರು ಸ್ಟೂಲು ಹತ್ತಿ ರೆಕ್ಕೆಯ ಜಿಡ್ಡು ಒರೆಸುತ್ತಿದ್ದಾರೆ ಎನ್ನಿ. ಅಷ್ಟರಲ್ಲಿ ಕೋಣೆ ಕಾದರೆ ಬೆರಳಿನ ಗತಿ? ಆಟೋ ಸ್ಟಾರ್ಟರ್ ಇರುವ ಹೊಲದ ಪಂಪ್‌ಸೆಟ್ಟು ಕರೆಂಟು ಬಂದೊಡನೆ ತಾನೇ ಓಡತೊಡಗುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಅಪಾಯ ಅಲ್ಲಿಯೂ ಇಂಥದೇ.

ಇದಕ್ಕೆ ಮೂರನೆಯ ಸ್ವಿಚ್ಚು ಬೇಕು. ಸೆಲ್ಲಿನಿಂದ ಬಂದ ತಂತಿ ಎರಡು ದಾರಿಯಾಗಿ ಕವಲೊಡೆಯುವ ಮೊದಲೇ ಅದನ್ನು ಸರಣಿಯಲ್ಲಿ ಜೋಡಿಸಿ. ಅದನ್ನು ತೆರೆದರೆ ಎರಡು ದಾರಿಗೂ ವಿದ್ಯುತ್ತು ಇಲ್ಲ. ಮನೆಯ ಫ್ಯಾನನ್ನು ಒರೆಸುವಾಗ ಹಿರಿಯರು ಆರಿಸಬೇಕಾದದ್ದು ಇಂಥ ಮುಖ್ಯ ಸ್ವಿಚ್ಚನ್ನು.

ಈ ಪ್ರಯೋಗಕ್ಕೆ ಸೆಲ್ಲನ್ನು ಮಾತ್ರ ಬಳಸಿ. ಮನೆಯ ವಿದ್ಯುತ್ತು 230 ವೋಲ್ಟ್. ಅದು ಪ್ರಾಣ ತೆಗೆಯಬಲ್ಲದು. ಆ ತಂತಿಗಳ ಕೆಲಸ ಎಲೆಕ್ಟ್ರಿಷಿಯನ್ನರದು.

ಮೂರನೆಯ ಸ್ವಿಚ್ಚನ್ನು ಕವಲೊಡೆದ ನಂತರ, ‘ಕೈ’ ಸ್ವಿಚ್ಚಿನ ದಾರಿಯಲ್ಲಿ ಮಾತ್ರ ಇಟ್ಟರೆ ಏನಾಗುತ್ತದೆ? ಮೊದಲು ಊಹಿಸಿ, ಆಮೇಲೆ ಜೋಡಿಸಿ ನೋಡಿ.