ಹಿಟ್ಟಿನ ಹುಳವೋ, ಕಾಳಿನ ನುಸಿಯೋ?

ಯಾದಗಿರಿ, ಶಹಾಪುರ, ಸುರಪುರ ಭಾಗದ ಮನೆಗಳಲ್ಲಿ ಜೋಳ, ಅಕ್ಕಿ, ತೊಗರಿಯನ್ನು ತಿಂಗಳುಗಟ್ಟಲೆಗೆ ತುಂಬಿಡುವ ರೂಢಿ ಇದೆ. ಜೊತೆಗೆ ಹಿಟ್ಟು, ರವೆ, ಶ್ಯಾವಿಗೆಯ ಡಬ್ಬಿಗಳು. ಇವುಗಳಲ್ಲಿ ಯಾವ ಹುಳ ಕಂಡರೂ ನಾವು ‘ನುಸಿ’ ಎಂದುಬಿಡುತ್ತೇವೆ. ಆದರೆ ಹುಳ ಬೇರೆಯಾದರೆ ಅದು ಬಂದ ದಾರಿಯೂ ಬೇರೆ, ಪರಿಹಾರವೂ ಬೇರೆ. ಆದ್ದರಿಂದ ಮೊದಲು ಗುರುತಿಸುವುದನ್ನು ಕಲಿಯೋಣ.

ಹುಳವನ್ನು ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ.

1. ತಲೆಯ ಮುಂದೆ ಸೊಂಡಿಲಿನಂಥ ಮೂತಿ ಇದ್ದರೆ ಅದು ಅಕ್ಕಿ, ಜೋಳದ ಸೊಂಡಿಲು ಹುಳ. ಇದರ ಮರಿ ಕಾಳಿನ ಒಳಗೇ ಬೆಳೆಯುತ್ತದೆ.

2. ಮೈ ಉರುಟಾಗಿದ್ದು, ಮೇಲಿನಿಂದ ನೋಡಿದರೆ ತಲೆ ಕಾಣದಿದ್ದರೆ ಅದು ಕಾಳು ಕೊರೆಯುವ ಹುಳ.

3. ಮೈ ಚಪ್ಪಟೆ, ಬಣ್ಣ ಕೆಂಗಂದು, ಉದ್ದ 3ರಿಂದ 4 ಮಿಲಿಮೀಟರ್, ಸೊಂಡಿಲು ಇಲ್ಲ ಎಂದಾದರೆ ಅದು ಹಿಟ್ಟಿನ ಹುಳ.

ಹಿಟ್ಟಿನ ಹುಳ ಟೆನೆಬ್ರಿಯೊನಿಡೇ ಎಂಬ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಈ ಕುಟುಂಬದ 20,000ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಒಣ ಎಲೆ, ಕೊಳೆತ ಕಟ್ಟಿಗೆ ತಿಂದು ಹೊರಗೇ ಬದುಕುತ್ತವೆ. ಮುಂದಿನ ನಾಲ್ಕು ಕಾಲುಗಳ ಪಾದದಲ್ಲಿ ಐದೈದು ಗೆಣ್ಣು, ಹಿಂದಿನ ಎರಡರಲ್ಲಿ ನಾಲ್ಕು ನಾಲ್ಕು ಗೆಣ್ಣು ಇರುವುದು ಈ ಕುಟುಂಬದ ಒಂದು ಗುರುತು. ಹಿಟ್ಟಿನಲ್ಲಿ ಕಾಣುವ ಜಾತಿಗಳಲ್ಲಿ ಮುಖ್ಯವಾದವು ಎರಡು. ಮೀಸೆಯ ತುದಿಯ ಮೂರು ಗೆಣ್ಣು ಒಮ್ಮೆಲೇ ದಪ್ಪವಾಗಿದ್ದರೆ ಟ್ರೈಬೋಲಿಯಂ ಕ್ಯಾಸ್ಟೇನಿಯಂ. ಮೀಸೆ ನಿಧಾನವಾಗಿ ದಪ್ಪವಾಗುತ್ತ ಹೋಗಿದ್ದರೆ ಟ್ರೈಬೋಲಿಯಂ ಕನ್‌ಫ್ಯೂಸಂ.

ಈ ಹುಳ ಗಟ್ಟಿ ಕಾಳನ್ನು ಕೊರೆಯಲಾರದು. ಹಿಟ್ಟು, ರವೆ, ನುಚ್ಚು, ಡಬ್ಬಿಯ ಸಂದಿಯಲ್ಲಿ ಉಳಿದ ಹಳೆಯ ಪುಡಿ ಇದರ ಆಹಾರ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಹುಳವಾಗಲು ಸುಮಾರು ಒಂದು ತಿಂಗಳು ಸಾಕು. ಹುಳ ಕ್ವಿನೋನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತದೆ. ಹುಳ ಹೆಚ್ಚಾದಾಗ ಹಿಟ್ಟು ನಸುಗೆಂಪಾಗಿ ಘಾಟು ಹೊಡೆಯುತ್ತದೆ. ಅಂಥ ಹಿಟ್ಟನ್ನು ಜರಡಿ ಹಿಡಿದು ಬಳಸಬೇಡಿ, ಎಸೆಯಿರಿ. ಅದರ ಧೂಳು ಅಲರ್ಜಿ, ದಮ್ಮು ಇರುವವರಿಗೆ ತೊಂದರೆ ಕೊಡಬಹುದು.

ಏನು ಮಾಡಬೇಕು?

ಹಿಟ್ಟಿನ ಹುಳಕ್ಕೆ ಶುಚಿತ್ವವೇ ಔಷಧ. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿಯನ್ನು ತೊಳೆದು, ಪೂರ್ತಿ ಒಣಗಿಸಿ ತುಂಬಿ. ಎರಡು ಮೂರು ವಾರಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ಬೀಸಿಸಿ. ಮನೆಯಲ್ಲಿಟ್ಟ ಯುನಾನಿ ಸಫೂಫ್‌ಗೂ, ಅಂದರೆ ಔಷಧಿ ಪುಡಿಗೂ, ಇದೇ ನಿಯಮ.

ಕಾಳಿನ ಹುಳಕ್ಕೆ ಬಿಸಿಲು ಬೇಕು. ಕಾಳನ್ನು ತೆಳ್ಳಗೆ ಹರಡಿ ಕಡು ಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ.

ಒಂದು ಎಚ್ಚರಿಕೆ: ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಗೆ ತರಲೇಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಕಾಳಿನ ಚೀಲವಿಟ್ಟ ಕೋಣೆಯಲ್ಲೇ ಮಕ್ಕಳು ಮಲಗುವ ಮನೆಗಳಲ್ಲಿ ಇದು ಜೀವಕ್ಕೇ ಕುತ್ತು. ಯಾರಿಗಾದರೂ ಇದರ ಹೊಗೆ ತಗುಲಿದ್ದರೆ ಮನೆಮದ್ದು ಮಾಡುತ್ತ ಕೂರದೆ, ಗಾಳಿಗೆ ಕರೆತಂದು ಕೂಡಲೇ ಆಸ್ಪತ್ರೆಗೆ ಸಾಗಿಸಿ.