ನೆಕ್ ನೋಡಿ ಬೆಲೆ ಕಟ್ಟಿ: ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಕೊಳ್ಳುವವರಿಗೆ, ಮಾರುವವರಿಗೆ

ಒಂದು ಹೊಸ ಬೇಸ್ ಗಿಟಾರ್‌ಗೆ ಕೊಡುವ ದುಡ್ಡಿನಲ್ಲಿ ಬಳಸಿದ ಬೇಸ್, ಆಡಿಯೊ ಇಂಟರ್‌ಫೇಸ್, ಮೈಕ್ ಮೂರನ್ನೂ ಹೊಂದಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಈ ಸರಕಿಗೆ ಬರವಿಲ್ಲ. ಕಾಲೇಜು ಬ್ಯಾಂಡ್ ಮುಗಿಸಿ ನೌಕರಿಗೆ ಸೇರಿದವರು, ವಿದೇಶಕ್ಕೆ ಹೊರಟವರು, ಲಾಕ್‌ಡೌನ್ ದಿನಗಳಲ್ಲಿ ಹುರುಪಿನಿಂದ ಮನೆ ಸ್ಟುಡಿಯೊ ಕಟ್ಟಿ ಈಗ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿದವರು ಮಾರುತ್ತಲೇ ಇರುತ್ತಾರೆ. ಮೂಲೆಯಲ್ಲಿ ದೂಳು ತಿನ್ನುವ ವಾದ್ಯ ನುಡಿಸುವವರ ಕೈ ಸೇರಬೇಕು. ಆದರೆ ಕೊಂಡವರು ಮೋಸ ಹೋಗಬಾರದು, ಮಾರಿದವರು ಮೂರು ಕಾಸಿಗೆ ಕಳೆದುಕೊಳ್ಳಲೂಬಾರದು.

1. ಮೊದಲು ನೆಕ್, ಆಮೇಲೆ ಬಣ್ಣ. ಬಾಡಿಯ ಮೇಲಿನ ಗೀರು, ಕಿತ್ತ ಪಾಲಿಶ್ ನಾದಕ್ಕೆ ಏನೂ ಮಾಡುವುದಿಲ್ಲ. ನೆಕ್ ಹಾಗಲ್ಲ. ಬೇಸ್‌ನ ನಾಲ್ಕು ತಂತಿಗಳು ಸೇರಿ ಸುಮಾರು 70–80 ಕೆ.ಜಿ. ಬಲದಿಂದ ಅದನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ನಿಲ್ಲುವುದು ನೆಕ್ ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಪರೀಕ್ಷೆ ಸುಲಭ. ಎಡಗೈ ಬೆರಳಿನಿಂದ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿ, ಬಲಗೈಯಿಂದ ಅದೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಏಳು–ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ನೆಕ್ ಸರಿ ಇದೆ. ತಂತಿ ಫ್ರೆಟ್‌ಗೆ ಅಂಟಿಕೊಂಡಿದ್ದರೆ ಹಿಂದಕ್ಕೆ ಬಾಗಿದೆ. ಮೂರು ಕಾರ್ಡ್ ತೂರಿದರೆ ಮುಂದಕ್ಕೆ.

ಇವೆರಡೂ ರಿಪೇರಿಯಾಗುವ ದೋಷಗಳೇ, ರಾಡ್ ಇನ್ನೂ ತಿರುಗುತ್ತದೆ ಎಂದಾದರೆ. ಮಾರುವವರ ಒಪ್ಪಿಗೆ ಪಡೆದು ಅವರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ. ನಟ್ ಸವೆದು ಕೀಲಿ ಜಾರುತ್ತಿದ್ದರೆ, ಅಥವಾ ಈಗಾಗಲೇ ಕೊನೆವರೆಗೂ ಬಿಗಿದಿದ್ದರೆ ಬೇರೆ ಬೇಸ್ ನೋಡಿ. ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದಾಗ ನೆಕ್ ಒಂದು ಪಕ್ಕಕ್ಕೆ ತಿರುಚಿಕೊಂಡಿರುವುದು ಕಂಡರಂತೂ ಎಷ್ಟು ಅಗ್ಗವಾದರೂ ಬೇಡ.

2. ಪ್ರತಿ ತಂತಿ, ಪ್ರತಿ ಫ್ರೆಟ್. ಆಂಪ್‌ಗೆ ಸಿಕ್ಕಿಸುವ ಮೊದಲು ಬರಿಗೈಯಲ್ಲಿ ನುಡಿಸಿ. ಪರಿಚಿತ ಲಿಕ್ ಬಾರಿಸಿ ಖುಷಿಪಡುವ ಸಮಯ ಇದಲ್ಲ. ಒಂದೊಂದೇ ಸ್ವರ ಮೀಟಿ ನಾಲ್ಕೆಣಿಕೆ ನಿಲ್ಲಲು ಬಿಡಿ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಸುತ್ತ ನಾದ ತಟ್ಟನೆ ಸಾಯುವ ಜಾಗ ಸಿಗುವುದು ಸಾಮಾನ್ಯ. ಅದು ಮರದ ಕಂಪನದಿಂದ ಬರುವ ಗುಣ, ಪೂರ್ತಿ ಹೋಗಲಾಡಿಸುವುದು ಕಷ್ಟ. ನಿಮ್ಮ ಕಿವಿಗೆ ಅದು ಅಡ್ಡಿಯೋ ಅಲ್ಲವೋ ಅಲ್ಲೇ ತೀರ್ಮಾನಿಸಿ. ನಂತರ ಹನ್ನೆರಡನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ ಒಮ್ಮೆ, ಒತ್ತಿದ ಸ್ವರ ಒಮ್ಮೆ ಮೀಟಿ ಫೋನಿನ ಟ್ಯೂನರ್‌ನಲ್ಲಿ ಹೋಲಿಸಿ. ಎರಡೂ ಒಂದೇ ತೋರಿಸಬೇಕು. ಅಲ್ಪಸ್ವಲ್ಪ ವ್ಯತ್ಯಾಸ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ. ಸ್ಯಾಡಲ್ ಹಿಂದೆ ಸರಿಯಲು ಇನ್ನು ಜಾಗವೇ ಇಲ್ಲವೆಂದರೆ ಏನೋ ಮೂಲದಲ್ಲೇ ತಪ್ಪಿದೆ.

3. ಪ್ಲಗ್ ಹಾಕದೆ ದುಡ್ಡು ಕೊಡಬೇಡಿ. ಜಾಕ್ ಹತ್ತಿರ ಕೇಬಲ್ ಅಲುಗಾಡಿಸಿ, ಎಲ್ಲ ನಾಬ್ ಪೂರ್ತಿ ತಿರುಗಿಸಿ, ಎರಡು ಪಿಕಪ್ ಇದ್ದರೆ ಒಂದೊಂದನ್ನೇ ಕೇಳಿ. ಆ್ಯಕ್ಟಿವ್ ಬೇಸ್ ಆದರೆ ಹಿಂದಿನ ಮುಚ್ಚಳ ತೆಗೆದು 9 ವೋಲ್ಟ್ ಬ್ಯಾಟರಿ ನೋಡಿ. ವರ್ಷಗಟ್ಟಲೆ ಬಿಟ್ಟ ಬ್ಯಾಟರಿ ಸೋರಿ ಸರ್ಕ್ಯೂಟ್ ತಿಂದಿರಬಹುದು. ನಾಬ್ ತಿರುಗಿಸುವಾಗ ಬರುವ ಕರಕರ ಸದ್ದಿಗೆ ಹೆದರಬೇಕಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಸಾಕು.

4. ಸೀರಿಯಲ್ ನಂಬರ್ ಓದಲು ಕಲಿಯಿರಿ. ಮೆಕ್ಸಿಕೊದಲ್ಲಿ ತಯಾರಾದ ಫೆಂಡರ್‌ಗಳಲ್ಲಿ ‘ಎಂಎನ್’ ಎಂದರೆ 1990ರ ದಶಕ, ‘ಎಂಝಡ್’ ಎಂದರೆ 2000ದ ದಶಕ, ‘ಎಂಎಕ್ಸ್’ ಆದರೆ ಮುಂದಿನ ಎರಡು ಅಂಕಿಯೇ ವರ್ಷ: ಎಂಎಕ್ಸ್13 ಅಂದರೆ 2013. ನಂಬರನ್ನು ಮರದ ಜೊತೆ ತಾಳೆ ಹಾಕಿ. 2017ರ ಜನವರಿಯಿಂದ ರೋಸ್‌ವುಡ್‌ನ, ಅಂದರೆ ನಮ್ಮ ಬೀಟೆ ಮರದ ಕುಲದ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂತು. ಫೆಂಡರ್ ಮೆಕ್ಸಿಕೊ ಮಾದರಿಗಳ ಫಿಂಗರ್‌ಬೋರ್ಡ್‌ಗೆ ಆಗ ಪಾವ್ ಫೆರೋ ಮರ ಹಾಕತೊಡಗಿತು. ಹಾಗಾಗಿ 2013ರ ನಂಬರಿನ ಸಾಮಾನ್ಯ ಮಾದರಿಯಲ್ಲಿ ಪಾವ್ ಫೆರೋ ಕಂಡರೆ, ಬಿಡಿಭಾಗ ಬದಲಾಗಿದೆಯೇ ಎಂದು ಕೇಳುವುದು ನ್ಯಾಯ. ನಂಬರ್ ಒಂದೇ ಸಾಕ್ಷಿಯಲ್ಲ, ಅದನ್ನೂ ನಕಲು ಮಾಡುತ್ತಾರೆ. ಲೋಗೊ, ಟ್ಯೂನರ್, ನೆಕ್ ಬಾಡಿಯಲ್ಲಿ ಕೂರುವ ಕೂಡು ಎಲ್ಲವೂ ಒಂದೇ ಕಥೆ ಹೇಳಬೇಕು.

5. ಕದ್ದ ಮಾಲಿಗೆ ಕೈ ಹಾಕಬೇಡಿ. ಬೀಟಲ್ಸ್‌ನ ಬೇಸ್ ವಾದಕ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್‌ನಲ್ಲಿ ವ್ಯಾನ್‌ನಿಂದ ಕಳವಾಯಿತು. ಅದು ಮರಳಿ ಅವರ ಕೈ ಸೇರಿದ ಸುದ್ದಿ ಹೊರಬಂದದ್ದು 2024ರಲ್ಲಿ. ಜಗತ್ತೇ ಗುರುತಿಸುವ ವಾದ್ಯಕ್ಕೆ ಅರ್ಧ ಶತಮಾನ ಹಿಡಿಯಿತು. ಬಾಡಿಗೆ ರೂಮಿನಿಂದ ಕಳವಾದ ವಿದ್ಯಾರ್ಥಿಯ ಬೇಸ್ ಸಿಕ್ಕುವ ಸಂಭವ ಎಷ್ಟು? ಕೊಳ್ಳುವವರು ಎಚ್ಚರವಿದ್ದರೆ ಮಾತ್ರ ಕಳ್ಳನಿಗೆ ಗಿರಾಕಿ ಸಿಗುವುದಿಲ್ಲ. ಬಿಲ್ ಇದೆಯೇ, ಹಳೆಯ ಫೋಟೊ ಇದೆಯೇ, ಎಲ್ಲಿ ಕೊಂಡಿರಿ ಎಂದು ನೇರವಾಗಿ ಕೇಳಿ. ತಮ್ಮ ವಾದ್ಯವನ್ನು ಪ್ರೀತಿಸಿದವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ, ಇಡೀ ಚರಿತ್ರೆ ಬಿಚ್ಚುತ್ತಾರೆ.

6. ಋತು ನೋಡಿ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಚಳಿಗಾಲದ ಒಣ ಹವೆಗೆ ಮರ ಕುಗ್ಗಿದಾಗ ಫ್ರೆಟ್‌ನ ತುದಿಗಳು ಹೊರಗೆ ಚಾಚುತ್ತವೆ. ನೆಕ್‌ನ ಅಂಚಿಗೆ ಅಂಗೈ ಸವರಿದರೆ ಚುಚ್ಚುತ್ತದೆ. ಮಂಗಳೂರು, ಉಡುಪಿ, ಕಾರವಾರದಿಂದ ಬರುವ ವಾದ್ಯದಲ್ಲಿ ಬ್ರಿಡ್ಜ್ ಸ್ಕ್ರೂಗಳ ತುಕ್ಕನ್ನು ವಿಶೇಷವಾಗಿ ನೋಡಿ. ಕರಾವಳಿಯಿಂದ ಬಯಲುಸೀಮೆಗೆ ತಂದ ಬೇಸ್‌ಗೆ ಎರಡು ವಾರ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಸೆಟಪ್ ಮಾಡಿಸಿ.

7. ಇಂಟರ್‌ಫೇಸ್ ಕೊಳ್ಳಲು ನಿಮ್ಮ ಲ್ಯಾಪ್‌ಟಾಪ್ ಜೊತೆಗಿರಲಿ. ನಿಮ್ಮದೇ ಕೇಬಲ್, ಹೆಡ್‌ಫೋನ್, ಒಂದು ಕಂಡೆನ್ಸರ್ ಮೈಕ್ ಕೂಡ. ಯುಎಸ್‌ಬಿ ಪೋರ್ಟ್ ಸಡಿಲವಾಗಿದೆಯೇ ಎಂಬುದು ಮೊದಲ ಪ್ರಶ್ನೆ, ಹೆಚ್ಚಿನವು ಸಾಯುವುದು ಅಲ್ಲೇ. ಎರಡೂ ಇನ್‌ಪುಟ್‌ನಲ್ಲಿ ರೆಕಾರ್ಡ್ ಮಾಡಿ, 48 ವೋಲ್ಟ್ ಫ್ಯಾಂಟಮ್ ಪವರ್ ಹಾಕಿ ಮೈಕ್ ಎಚ್ಚರಗೊಳ್ಳುತ್ತದೆಯೇ ನೋಡಿ, ಬೇಸ್ ಸಿಕ್ಕಿಸಿ ‘ಇನ್‌ಸ್ಟ್’ ಸ್ವಿಚ್ ಒತ್ತಿ ಕೇಳಿ. ಬೇಸ್‌ನ ಇ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಲ್ಯಾಪ್‌ಟಾಪ್‌ನ ಚಿಕ್ಕ ಸ್ಪೀಕರ್‌ನಲ್ಲಿ ಆ ತಳದ ನಾದ ಕೇಳುವುದೇ ಇಲ್ಲ, ಆದ್ದರಿಂದ ಹೆಡ್‌ಫೋನ್ ಬೇಕೇ ಬೇಕು.

ಹೊರಡುವ ಮುನ್ನ ಮನೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಕಂಪ್ಯೂಟರ್‌ಗೆ ಆ ಮಾದರಿಯ ಡ್ರೈವರ್ ಈಗಲೂ ಸಿಗುತ್ತದೆಯೇ ಎಂದು ತಯಾರಕರ ವೆಬ್‌ಸೈಟಿನಲ್ಲಿ ಹುಡುಕಿ. ಒಂದು ಕಾಲದಲ್ಲಿ ಲಕ್ಷ ಬಾಳುತ್ತಿದ್ದ ಫೈರ್‌ವೈರ್ ಇಂಟರ್‌ಫೇಸ್‌ಗಳು ಅಗ್ಗವಾಗಿ ಸಿಗುವುದು ಇದೇ ಕಾರಣಕ್ಕೆ. ಸಿಕ್ಕಿಸಲು ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಪೋರ್ಟ್ ಕೂಡ ಇಲ್ಲ.

8. ಹಿಂಬದಿಯ ವೋಲ್ಟೇಜ್ ಓದಿ. ನ್ಯೂಜೆರ್ಸಿಯಿಂದಲೋ ಬೇ ಏರಿಯಾದಿಂದಲೋ ಬಂಧುಗಳು ಸೂಟ್‌ಕೇಸ್‌ನಲ್ಲಿ ತಂದ ಮಾನಿಟರ್, ಆಂಪ್ ನಮ್ಮಲ್ಲಿ ಸಾಕಷ್ಟು ಕೈ ಬದಲಾಗುತ್ತವೆ. ಅಮೆರಿಕದ ವಿದ್ಯುತ್ 120 ವೋಲ್ಟ್, ನಮ್ಮದು 230. ‘100–240’ ಎಂದು ಬರೆದಿದ್ದರೆ ನಿಶ್ಚಿಂತೆ. ‘120’ ಮಾತ್ರ ಇದ್ದರೆ ನೇರ ಸಿಕ್ಕಿಸಿದೊಡನೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಒಳಗಿನ ಭಾಗಗಳೂ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೆಲೆಯನ್ನು ಕೂಡಿಸಿಯೇ ಚೌಕಾಸಿ ಮಾಡಿ. ಮಾರುವವರು ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಮುಚ್ಚಿಟ್ಟರೆ ಇನ್ನೊಬ್ಬರ ಮನೆಯಲ್ಲಿ ಹೊಗೆ ಏಳುತ್ತದೆ.

9. ಮೈಕ್ ತೂಗಿ ನೋಡಿ. ಶೂರ್ ಎಸ್‌ಎಂ58ರ ನಕಲಿಗಳು ಎಲ್ಲೆಡೆ ಇವೆ. ಅಸಲಿ ತೂಗುವುದು 298 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತೂಕದಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ ಅಲ್ಲಿಗೇ ಬಿಡಿ. ತೂಕ ಸರಿಯಿದ್ದರೂ ಹಾಡಿ ಕೇಳಿ. ಕಂಡೆನ್ಸರ್ ಮೈಕ್ ಆದರೆ ಮೌನದಲ್ಲೂ ರೆಕಾರ್ಡ್ ಮಾಡಿ. ತೇವ ಹಿಡಿದ ಕ್ಯಾಪ್ಸೂಲ್ ಮೌನದಲ್ಲೇ ಚಟಪಟ ಎನ್ನುತ್ತದೆ.

10. ಮಾನಿಟರ್ ಜೋಡಿಯಾಗಿರಲಿ. ಒಂಟಿ ಸ್ಪೀಕರ್ ಅಗ್ಗವೆಂದು ತರಬೇಡಿ. ಕೋನ್ ಅಂಚಿನ ರಬ್ಬರ್ ಅಥವಾ ಫೋಮ್ ಬಿರುಕು ಬಿಟ್ಟಿದೆಯೇ, ಟ್ವೀಟರ್ ತಗ್ಗಾಗಿದೆಯೇ ನೋಡಿ. ಹೆಡ್‌ಫೋನ್‌ನ ಕಿವಿಮೆತ್ತೆ ಉದುರಿದ್ದರೆ ಚಿಂತೆಯಿಲ್ಲ, ಹೊಸತು ಸಿಗುತ್ತದೆ.

11. ಮಾರುವ ಬೆಲೆಯನ್ನು ಇಂದಿನ ಬೆಲೆಯಿಂದ ಲೆಕ್ಕ ಹಾಕಿ. ನೀವು ಅಂದು ಎಷ್ಟು ಕೊಟ್ಟಿರಿ ಎಂಬುದು ಕೊಳ್ಳುವವರಿಗೆ ಬೇಡ. ಅದೇ ಮಾದರಿ ಇಂದು ಅಂಗಡಿಯಲ್ಲಿ ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದೇ ಅಳತೆ. ಒಳ್ಳೆ ಸ್ಥಿತಿಯ ಸ್ಕ್ವಾಯರ್, ಯಮಹಾ, ಐಬನೆಜ್ ಆರಂಭಿಕ ಬೇಸ್‌ಗಳಿಗೆ ಅದರ ಶೇ 60ರ ಆಸುಪಾಸು ಕೇಳುವುದು ನನ್ನ ಲೆಕ್ಕದಲ್ಲಿ ನ್ಯಾಯ. ಇಂಟರ್‌ಫೇಸ್‌ಗೆ ಹೊಸ ಪೀಳಿಗೆ ಬಂದಿದ್ದರೆ ಇನ್ನೂ ಕೆಳಗೆ. ಫೋಕಸ್‌ರೈಟ್ ಸ್ಕಾರ್ಲೆಟ್ 2023ರಲ್ಲಿ ನಾಲ್ಕನೇ ಪೀಳಿಗೆಗೆ ಕಾಲಿಟ್ಟಿತು. ಎರಡನೇ ಪೀಳಿಗೆಯದ್ದಕ್ಕೆ ಮೂರನೆಯದರ ಬೆಲೆ ಕೇಳಿದರೆ ತಿಂಗಳುಗಟ್ಟಲೆ ಫೋನ್ ಬರುವುದಿಲ್ಲ. ಎಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

12. ಹಾಕಿದ ಅಪ್‌ಗ್ರೇಡ್‌ಗೆ ಬೆಲೆ ಬರುವುದಿಲ್ಲ. ಎಂಟು ಸಾವಿರದ ಪಿಕಪ್ ಹಾಕಿಸಿದ್ದೀರಿ ಎಂದು ಯಾರೂ ಎಂಟು ಸಾವಿರ ಹೆಚ್ಚು ಕೊಡರು. ಮೂಲ ಪಿಕಪ್, ಮೂಲ ಬ್ರಿಡ್ಜ್ ಮರಳಿ ಕೂರಿಸಿ, ಅಪ್‌ಗ್ರೇಡ್ ಬೇರೆಯಾಗಿ ಮಾರಿ. ಕಳಚಿದ ಮೂಲ ಭಾಗಗಳನ್ನು ಎಂದೂ ಎಸೆಯಬೇಡಿ. ಡಬ್ಬ, ಬಿಲ್, ಟ್ರಸ್ ರಾಡ್ ಕೀಲಿ ಕೂಡ ಹಾಗೆಯೇ.

13. ದೋಷವನ್ನು ಹತ್ತಿರದಿಂದ ಫೋಟೊ ತೆಗೆಯಿರಿ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ. ಮುಂಭಾಗ, ಹಿಂಭಾಗ, ಹೆಡ್‌ಸ್ಟಾಕ್‌ನ ಎರಡೂ ಬದಿ, ಮೊದಲ ಐದು ಫ್ರೆಟ್‌ಗಳ ಸವೆತ, ಸೀರಿಯಲ್ ನಂಬರ್, ಆಮೇಲೆ ಪ್ರತಿ ಗಾಯ. ದೋಷ ತೋರಿಸಿದ ಜಾಹೀರಾತನ್ನು ಜನ ನಂಬುತ್ತಾರೆ, ನೋಡಲು ಬಂದವರು ಅದನ್ನೇ ಹಿಡಿದು ಬೆಲೆ ಎಳೆಯುವುದೂ ತಪ್ಪುತ್ತದೆ. ತೂಕವನ್ನೂ ಬರೆಯಿರಿ, ನಾಲ್ಕೂವರೆ ಕೆ.ಜಿ. ಮೀರಿದ ಬೇಸ್ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಹೆಗಲು ಮುರಿಯುತ್ತದೆ. ಒಂದು ನಿಮಿಷದ ಸಾದಾ ರೆಕಾರ್ಡಿಂಗ್, ಯಾವ ಎಫೆಕ್ಟ್ ಇಲ್ಲದೆ, ಕೇಳಿದವರಿಗೆ ಕಳುಹಿಸಿ.

14. ಸಾಫ್ಟ್‌ವೇರ್ ಹಕ್ಕು ಬಿಟ್ಟುಕೊಡಿ. ಇಂಟರ್‌ಫೇಸ್, ಮಿಡಿ ಕೀಬೋರ್ಡ್ ಜೊತೆ ಬಂದ ಸಾಫ್ಟ್‌ವೇರ್ ಮೊದಲ ಮಾಲೀಕರ ಖಾತೆಗೆ ಅಂಟಿಕೊಂಡಿರುತ್ತದೆ. ವರ್ಗಾವಣೆಯ ನಿಯಮ ಒಂದೊಂದು ಕಂಪನಿಗೆ ಒಂದೊಂದು. ಸಿಗದ ಸಾಫ್ಟ್‌ವೇರ್‌ನ ಹೆಸರು ಜಾಹೀರಾತಿನಲ್ಲಿ ಹಾಕಬೇಡಿ.

15. ಪಾರ್ಸೆಲ್ ಎಂದರೆ ಹೆಡ್‌ಸ್ಟಾಕ್ ರಕ್ಷಣೆ. ಹುಬ್ಬಳ್ಳಿಗೋ ಕಲಬುರಗಿಗೋ ಬಸ್ಸಿನಲ್ಲಿ, ಲಾರಿ ಸರ್ವಿಸ್‌ನಲ್ಲಿ ಕಳುಹಿಸುವಾಗ ತಂತಿಗಳನ್ನು ಒಂದೆರಡು ಸ್ವರ ಕೆಳಗಿಳಿಸಿ, ಪೂರ್ತಿ ಬಿಚ್ಚಬೇಡಿ. ಹೆಡ್‌ಸ್ಟಾಕ್‌ನ ಕೆಳಗೂ ಸುತ್ತಲೂ ಬಟ್ಟೆ ತುರುಕಿ, ಕೇಸ್ ಒಳಗೆ ವಾದ್ಯ ಅಲುಗದಂತೆ ಮಾಡಿ, ಆಮೇಲೆ ರಟ್ಟಿನ ಡಬ್ಬ. ಪ್ಯಾಕ್ ಮಾಡುವುದನ್ನು ಫೋನ್‌ನಲ್ಲಿ ಚಿತ್ರೀಕರಿಸಿ. ಪಡೆಯುವವರು ಬಿಚ್ಚುವುದನ್ನು ಚಿತ್ರೀಕರಿಸಲಿ.

16. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಕ್ಯೂಆರ್ ಕೋಡ್ ಕಳುಹಿಸಿ ‘ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎಂದವರು ಕಳ್ಳರು. ಸೈನ್ಯದಲ್ಲಿದ್ದೇನೆ, ಬರಲಾಗದು, ಮುಂಗಡ ಕಳುಹಿಸುತ್ತೇನೆ ಎನ್ನುವ ಅಪರಿಚಿತರ ಮೋಸ ದೇಶದ ತುಂಬ ವರದಿಯಾಗಿದೆ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಮೊತ್ತ ಕಂಡ ಮೇಲೆ ವಾದ್ಯ ಕೊಡಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ವ್ಯವಹಾರ ಸರಿಯಾಗಿ ಮುಗಿದಾಗ ಒಂದು ಹಾಳೆಯಲ್ಲಿ ಮಾದರಿ, ಸೀರಿಯಲ್ ನಂಬರ್, ಮೊತ್ತ, ದಿನಾಂಕ ಬರೆದು ಇಬ್ಬರೂ ಸಹಿ ಹಾಕಿ. ಆ ಬೇಸ್ ಮುಂದೆ ಮೂರನೆಯವರಿಗೆ ಹೋಗುವಾಗ ಅವರು ಕೇಳುವ ಮೊದಲ ಕಾಗದ ಅದೇ.