ಕೈಗಡಿಯಾರ ಎಣಿಸುವುದು ಹೃದಯವನ್ನೋ, ಹೆಜ್ಜೆಯನ್ನೋ?

ಬೆಳ್ಳಾವಿಯ ತರುಣನೊಬ್ಬನು ಪೊಲೀಸ್ ಕೆಲಸಕ್ಕೆ ಸೇರುವ ಆಸೆಯಿಂದ ಪ್ರತಿದಿನವೂ ಮುಂಜಾನೆ ಓಟದ ಅಭ್ಯಾಸ ಮಾಡುತ್ತಿರುವನೆಂದು ಭಾವಿಸೋಣ. 1600 ಮೀಟರುಗಳನ್ನು ಆರೂವರೆ ನಿಮಿಷಗಳೊಳಗೆ ಓಡಿ ಮುಗಿಸುವುದು ಅವನ ಗುರಿ. ಅವನ ಮಣಿಕಟ್ಟಿನಲ್ಲಿ ನಾಡಿಯನ್ನು ಎಣಿಸುವ ಹೊಸ ಬಗೆಯ ಗಡಿಯಾರವಿದೆ. ಓಟವು ಆರಂಭವಾಗಿ ಒಂದು ನಿಮಿಷವಾಗುವಷ್ಟರಲ್ಲಿಯೇ ಅದು 172 ಎಂಬ ಅಂಕಿಯನ್ನು ತೋರಿಸುತ್ತದೆ. ಉಸಿರು ಇನ್ನೂ ಸರಾಗವಾಗಿದೆ, ಕಾಲುಗಳೂ ದಣಿದಿಲ್ಲ. ಆದರೂ ಅವನು ಗಾಬರಿಗೊಂಡು ನಿಂತುಬಿಡುತ್ತಾನೆ. ನಿಂತೊಡನೆ ನಾಡಿಯ ಮೇಲೆ ಬೆರಳಿಟ್ಟು ಎಣಿಸಿದರೆ, ನಿಮಿಷಕ್ಕೆ 124 ಬಡಿತಗಳು ಮಾತ್ರ! ಹಾಗಾದರೆ ಉಳಿದ 48 ಬಡಿತಗಳು ಎಲ್ಲಿಂದ ಬಂದುವು?

ಇದನ್ನು ತಿಳಿಯಬೇಕಾದರೆ ಗಡಿಯಾರದ ಬೆನ್ನನ್ನು ನೋಡಬೇಕು. ಅಲ್ಲಿ ಸಣ್ಣ ಹಸಿರು ದೀಪಗಳೂ, ಅವುಗಳ ಪಕ್ಕದಲ್ಲಿ ಬೆಳಕನ್ನು ಗ್ರಹಿಸುವ ಒಂದು ಕಣ್ಣೂ ಇರುತ್ತವೆ. ಕತ್ತಲೆಯಲ್ಲಿ ಟಾರ್ಚಿನ ಗಾಜಿನ ಮೇಲೆ ಬೆರಳಿಟ್ಟರೆ ಬೆರಳು ಕೆಂಪಾಗಿ ಹೊಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ರಕ್ತವು ಹಸಿರು ಬೆಳಕನ್ನು ಬಹಳವಾಗಿ ಹೀರಿಕೊಂಡು, ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಡುವುದು ಇದಕ್ಕೆ ಒಂದು ಮುಖ್ಯ ಕಾರಣ. ಹೃದಯವು ಒಮ್ಮೆ ಬಡಿದಾಗಲೆಲ್ಲ ಮಣಿಕಟ್ಟಿನ ಚರ್ಮದಡಿಯ ಸಣ್ಣ ರಕ್ತನಾಳಗಳಲ್ಲಿ ರಕ್ತವು ತುಸು ಹೆಚ್ಚುತ್ತದೆ. ಆಗ ಹಸಿರು ಬೆಳಕು ಹೆಚ್ಚಾಗಿ ಹೀರಲ್ಪಟ್ಟು, ಕಣ್ಣಿಗೆ ಮರಳುವ ಬೆಳಕು ತುಸು ತಗ್ಗುತ್ತದೆ. ಈ ಏರಿಳಿತಗಳನ್ನು ಎಣಿಸಿದರೆ ನಾಡಿಯನ್ನು ಎಣಿಸಿದಂತೆಯೇ ಆಯಿತು. ಈ ತತ್ತ್ವವು ಹೊಸದಲ್ಲ. ಅಮೆರಿಕದ ಶರೀರವಿಜ್ಞಾನಿ ಆಲ್ರಿಕ್ ಹರ್ಟ್ಸ್‌ಮನ್ ಅವರು 1930ರ ದಶಕದಲ್ಲಿಯೇ ಬೆಳಕಿನ ಸಹಾಯದಿಂದ ಚರ್ಮದ ರಕ್ತಸಂಚಾರವನ್ನು ಅಭ್ಯಾಸ ಮಾಡಿದ್ದರು.

ಆದರೆ ಒಂದು ತೊಡಕುಂಟು. ನಾಡಿಯಿಂದಾಗುವ ಏರಿಳಿತವು ಮರಳಿ ಬರುವ ಒಟ್ಟು ಬೆಳಕಿನಲ್ಲಿ ಬಹು ಅಲ್ಪಭಾಗ ಮಾತ್ರ. ಸುಮ್ಮನೆ ಕುಳಿತಿರುವಾಗ ಅದನ್ನು ಗುರುತಿಸುವುದು ಕಷ್ಟವಲ್ಲ. ಓಡುವಾಗಲಾದರೋ ತೋಳು ಬೀಸುತ್ತದೆ, ಗಡಿಯಾರವು ಅಲುಗುತ್ತದೆ, ರಕ್ತನಾಳಗಳಲ್ಲಿ ರಕ್ತವೂ ತುಳುಕುತ್ತದೆ. ಇವೆಲ್ಲವೂ ಬೆಳಕನ್ನು ಏರಿಳಿಸುತ್ತವೆ, ಕೆಲವೊಮ್ಮೆ ನಾಡಿಗಿಂತಲೂ ಹೆಚ್ಚಾಗಿ. ಸಂತೆಯ ಗದ್ದಲದ ನಡುವೆ ಗೆಳೆಯನ ಪಿಸುಮಾತನ್ನು ಕೇಳುವ ಕಷ್ಟವೇ ಗಡಿಯಾರಕ್ಕೂ ಒದಗುತ್ತದೆ.

ಗದ್ದಲವು ಗೊತ್ತುಗುರಿಯಿಲ್ಲದ್ದಾದರೆ ಅದನ್ನು ಬೇರ್ಪಡಿಸಬಹುದು. ಓಟದ ಗದ್ದಲಕ್ಕೆ ತಾಳವಿರುತ್ತದೆ! ಓಡುವವರು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 180 ಹೆಜ್ಜೆಗಳನ್ನಿಡುತ್ತಾರೆ. ಹುರುಪಿನ ಓಟದಲ್ಲಿ ತರುಣರ ಹೃದಯವು ಬಡಿಯುವುದೂ ಹೆಚ್ಚುಕಡಿಮೆ ಅದೇ ಸಂಖ್ಯೆಯಲ್ಲಿ. ಆದುದರಿಂದ ಗಡಿಯಾರವು ಹೆಜ್ಜೆಯ ತಾಳವನ್ನೇ ಹೃದಯದ ತಾಳವೆಂದು ಭ್ರಮಿಸುವುದುಂಟು. ನಮ್ಮ ತರುಣನ ಗಡಿಯಾರ ಎಣಿಸಿದ 172 ಅವನ ಹೆಜ್ಜೆಗಳ ಸಂಖ್ಯೆ. ಇಂತಹ ತಪ್ಪನ್ನು ನಿವಾರಿಸಲು ಗಡಿಯಾರದೊಳಗೆ ವೇಗೋತ್ಕರ್ಷಮಾಪಕವೆಂಬ ಉಪಕರಣವನ್ನು ಅಳವಡಿಸಿರುತ್ತಾರೆ. ಅದು ಕೈಯ ಚಲನೆಯನ್ನು ಅಳೆದು, ಆ ಭಾಗವನ್ನು ಕಳೆಯಲು ನೆರವಾಗುತ್ತದೆ. ಆದರೆ ಹೆಜ್ಜೆ ಮತ್ತು ನಾಡಿ ಇವೆರಡರ ಸಂಖ್ಯೆಗಳು ಸಮೀಪಿಸಿದಾಗ, ಯಾವುದನ್ನು ಕಳೆಯಬೇಕು, ಯಾವುದನ್ನು ಉಳಿಸಬೇಕು ಎಂಬುದು ಯಂತ್ರಕ್ಕೆ ಸುಲಭವಾಗಿ ತಿಳಿಯದು.

ಬೇರೆ ಕಾರಣಗಳೂ ಇವೆ. ಪಟ್ಟಿಯು ಸಡಿಲವಾಗಿದ್ದರೆ ಹೊರಗಿನ ಬೆಳಕು ಒಳನುಗ್ಗುತ್ತದೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ನಾಡಿಯ ಗುರುತು ಕ್ಷೀಣಿಸುತ್ತದೆ. ಭಾರವನ್ನೆತ್ತುವಾಗ ಮುಷ್ಟಿಯನ್ನು ಬಿಗಿಹಿಡಿದರೂ ಹೀಗಾಗುವುದುಂಟು. ಹಚ್ಚೆಯ ಬಣ್ಣವೂ ಬೆಳಕಿಗೆ ಅಡ್ಡಿ. ಇನ್ನು ಚರ್ಮದ ಕಪ್ಪು ವರ್ಣದ್ರವ್ಯವೂ ಹಸಿರು ಬೆಳಕನ್ನು ಹೀರುವುದಷ್ಟೆ. ಹಾಗಾದರೆ ನಮ್ಮಂತಹವರ ಕೈಯಲ್ಲಿ ಈ ಗಡಿಯಾರಗಳು ಹೆಚ್ಚು ತಪ್ಪುವುವೆ? ಈ ಬಗ್ಗೆ ಎಲ್ಲ ಪರೀಕ್ಷೆಗಳೂ ಒಂದೇ ಉತ್ತರವನ್ನು ಕೊಟ್ಟಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 60 ಜನರ ಮೇಲೆ ಏಳು ಬಗೆಯ ಉಪಕರಣಗಳನ್ನು ಪರೀಕ್ಷಿಸಿದಾಗ, ಕಪ್ಪು ಮೈಬಣ್ಣದವರಲ್ಲಿ ತಪ್ಪು ಹೆಚ್ಚಾಗಿ ಕಂಡಿತು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದವರು 53 ಜನರನ್ನು ಪರೀಕ್ಷಿಸಿದಾಗ ಮೈಬಣ್ಣದಿಂದ ಗಣನೀಯ ವ್ಯತ್ಯಾಸವು ಕಾಣಲಿಲ್ಲ. ಆದರೆ ವಿಶ್ರಾಂತಿಯಲ್ಲಿರುವಾಗಿಗಿಂತ ಚಟುವಟಿಕೆಯ ವೇಳೆಯಲ್ಲಿ ತಪ್ಪು ಸರಾಸರಿ ಶೇಕಡಾ 30ರಷ್ಟು ಹೆಚ್ಚಾಗಿದ್ದಿತು.

ಎದೆಗೆ ಕಟ್ಟುವ ಪಟ್ಟಿಯು ಈ ವಿಷಯದಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಅದು ಬೆಳಕನ್ನು ಆಶ್ರಯಿಸದೆ, ಹೃದಯವು ಬಡಿಯುವಾಗ ಹುಟ್ಟುವ ವಿದ್ಯುತ್ ಸಂಕೇತವನ್ನೇ ಗ್ರಹಿಸುತ್ತದೆ. ಆದರೆ ನಾಡಿಯನ್ನು ತಿಳಿಯಲು ನಾವು ಅದನ್ನು ಕೊಳ್ಳಲೇಬೇಕಾಗಿಲ್ಲ. ತುಮಕೂರಿನಲ್ಲಿ ಹಿಂದೆ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆಯಿದ್ದಿತು. 2016ರಲ್ಲಿ ಅದು ಮುಚ್ಚಿತು. ಅಲ್ಲಿ ತಯಾರಾದ ಹಳೆಯ ಗಡಿಯಾರವೊಂದು ತಾತನ ಪೆಟ್ಟಿಗೆಯಲ್ಲಿದ್ದು, ಅದರ ಸೆಕೆಂಡಿನ ಮುಳ್ಳು ತಿರುಗುತ್ತಿದ್ದರೆ ಸಾಕು, ಹೊಸ ಗಡಿಯಾರವನ್ನು ಪರೀಕ್ಷಿಸಬಹುದು.

ಅದರ ಕ್ರಮ ಹೀಗೆ. ಓಡುವಾಗ ಬಲಗಾಲು ನೆಲವನ್ನು ಮುಟ್ಟಿದುದನ್ನು 30 ಸೆಕೆಂಡುಗಳವರೆಗೆ ಎಣಿಸಿ ನಾಲ್ಕರಿಂದ ಗುಣಿಸಿರಿ; ನಿಮಿಷದ ಒಟ್ಟು ಹೆಜ್ಜೆಗಳು ದೊರೆಯುತ್ತವೆ. ಆಗ ಗಡಿಯಾರ ತೋರಿಸುವ ಅಂಕಿಯನ್ನೂ ನೋಡಿಕೊಳ್ಳಿರಿ. ಬಳಿಕ ನಿಂತೊಡನೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳನ್ನೂ ನಡುಬೆರಳನ್ನೂ ಮೆಲ್ಲಗೆ ಒತ್ತಿ, 15 ಸೆಕೆಂಡುಗಳ ಬಡಿತಗಳನ್ನೆಣಿಸಿ ನಾಲ್ಕರಿಂದ ಗುಣಿಸಿರಿ. ಹೆಬ್ಬೆರಳಿನಿಂದ ಎಣಿಸಬಾರದು, ಅದಕ್ಕೆ ತನ್ನದೇ ನಾಡಿಯುಂಟು. ತಡಮಾಡಲೂಬಾರದು, ಓಟ ನಿಂತಮೇಲೆ ಬಡಿತವು ಬೇಗನೆ ಇಳಿಯುತ್ತದೆ. ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುವುದೆಂಬುದೂ ನೆನಪಿರಲಿ. ಐದು ದಿನ ಈ ಮೂರು ಅಂಕಿಗಳನ್ನು ಬರೆದಿಡಿರಿ. ಗಡಿಯಾರದ ಅಂಕಿಯು ನಾಡಿಯನ್ನು ಬಿಟ್ಟು ಹೆಜ್ಜೆಯ ಹಿಂದೆ ಹೋಗುತ್ತಿದ್ದರೆ, ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳಷ್ಟು ಮೇಲಕ್ಕೆ ಸರಿಸಿ, ತುಸು ಬಿಗಿಮಾಡಿ ಮತ್ತೆ ನೋಡಿರಿ.

ಇದು ಬರಿಯ ವಿನೋದದ ಪ್ರಯೋಗವಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ, ಹೃದಯದ ತಪಾಸಣೆಗಾಗಿ ಜಯದೇವ ಆಸ್ಪತ್ರೆಗೆ ಜನರು ಗುಂಪುಗುಂಪಾಗಿ ಬಂದರು. ಅಂತಹ ಆತಂಕವಿರುವಲ್ಲಿ ತಪ್ಪು ಅಂಕಿಯು ಆರೋಗ್ಯವಂತನನ್ನು ಹೆದರಿಸಬಹುದು. ಅದಕ್ಕಿಂತ ಕೆಡುಕೆಂದರೆ, ಅಸ್ವಸ್ಥನಿಗೆ ಸುಳ್ಳು ಧೈರ್ಯವನ್ನು ಕೊಡಬಹುದು. ಎದೆನೋವು, ತಲೆಸುತ್ತು, ಎಂದೂ ಇಲ್ಲದ ಉಬ್ಬಸ ಇವುಗಳಲ್ಲಿ ಯಾವುದು ಕಂಡರೂ, ಗಡಿಯಾರವು ಏನನ್ನೇ ತೋರಿಸಲಿ, ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಯಂತ್ರವು ಕೊಡುವ ಅಂಕಿಯನ್ನು ಓದುವಾಗ, ಅದು ನಿಜವಾಗಿ ಅಳೆದುದು ಏನನ್ನು ಎಂದು ಕೇಳುವುದು ವಿಜ್ಞಾನದ ಮೊದಲ ಪಾಠ. ನಮ್ಮ ಗಡಿಯಾರ ಅಳೆಯುವುದು ಬೆಳಕಿನ ಏರಿಳಿತವನ್ನು; ಹೃದಯದ ಬಡಿತವು ಅದರಿಂದ ಮಾಡಿದ ಊಹೆ. ಆ ಊಹೆಯನ್ನು ಪರೀಕ್ಷಿಸಲು ಬೇಕಾದ ಎರಡು ಬೆರಳುಗಳು ನಮ್ಮ ಕೈಯಲ್ಲಿಯೇ ಇವೆ.